ದಲಾಲಿ ದುಂಡಪ್ಪ ಕೂಸಿಗೆ ಆಳು ನೋಡಿದ್ದು

ಎತ್ತಿನ ಬಾಯಿ ತೆರೆದು ಹಲ್ಲು ನೋಡಿದರೆ ಸಾಕು, ಅದರ ಮುತ್ತಜ್ಜ ಯಾವ ಊರಿನ ಗೂಟಕ್ಕೆ ಕಟ್ಟಿದ್ದೆಂದು ದುಂಡಪ್ಪ ಹೇಳುತ್ತಿದ್ದನಂತೆ. ಕರಜಗಿಯ ಜನ ಇವತ್ತಿಗೂ ಕಟ್ಟೆಯ ಮೇಲೆ ಕುಳಿತು ಈ ಮಾತು ಆಡುತ್ತಾರೆ. ಆಡಲಿ. ಆಡುವ ಬಾಯಿಗೆ ಬಾಗಿಲು ಹಾಕಲು ಯಾರಿಂದಾದೀತು? ಅವನು ಸತ್ತ ಮೇಲಂತೂ ಹೊಗಳಿಕೆ ಇನ್ನೂ ಹೆಚ್ಚಾಗಿದೆ. ಅಂಥ ಕಣ್ಣು ಇನ್ನು ಹುಟ್ಟುವುದಿಲ್ಲವಂತೆ, ನೋಡಿದ ಕೂಡಲೇ ಗುಣ ಹೇಳುವ ಅಂಥ ಪಾರಖಿ ಜತ್ತ ತಾಲೂಕಿನಲ್ಲಿ ಇನ್ನೊಬ್ಬನಿಲ್ಲವಂತೆ. ಇದನ್ನೆಲ್ಲ ಕೇಳಿ ಕೇಳಿ ನನಗೆ ಸಾಕಾಗಿದೆ. ಅವನ ಆ ಕಣ್ಣನ್ನು ನಾನೂ ಕಂಡವಳು. ಅವನು ತನ್ನ ಕೂಸಿಗೆ ಆಳು ಆರಿಸಿದಾಗ ಅಲ್ಲೇ ನಿಂತಿದ್ದವಳು.

ನಾನು ಇಂದ್ರಾಬಾಯಿ, ದುಂಡಪ್ಪನ ಹೆಂಡತಿ ಸಂಗವ್ವನ ಅಕ್ಕ. ನಮ್ಮಿಬ್ಬರನ್ನೂ ಕರಜಗಿಗೇ ಕೊಟ್ಟಿದ್ದರು. ನನ್ನ ಮನೆಗೂ ಅವಳ ಮನೆಗೂ ನಡುವೆ ಎರಡು ಓಣಿ ಅಷ್ಟೆ. ನನ್ನ ಗಂಡ ಗುರಪ್ಪ ಒಕ್ಕಲುತನದ ಮನುಷ್ಯ, ಬಾಯಿ ಕಡಿಮೆ. ದುಂಡಪ್ಪ ದನದ ದಲಾಲಿ, ಅವನಿಗೆ ಇದ್ದದ್ದೇ ಬಾಯಿ. ತಲೆಗೆ ಕೇಸರಿ ಪಟಕಾ, ಬೇಸಿಗೆ ಮಳೆಗಾಲವೆನ್ನದೆ ಕಂಕುಳಲ್ಲಿ ಕೊಡೆ, ಹೆಗಲ ಮೇಲೆ ಒಂದು ವಲ್ಲಿ. ಸಂತೆಯಲ್ಲಿ ಖಿಲಾರಿ ಎತ್ತಿನ ಸುತ್ತ ಒಂದು ಸುತ್ತು ಬರುವನು, ಸುಳಿ ನೋಡುವನು, ಬಾಲದ ಬುಡ ಮುಟ್ಟುವನು, ಆಮೇಲೆ ಅದರ ಕಣ್ಣಿನ ಮುಂದೆ ಪಟ್ಟನೆ ಕೊಡೆ ಬಿಚ್ಚುವನು. ಎತ್ತು ಬೆದರಿ ಹಿಂದೆ ಸರಿದರೆ ಮುಗಿಯಿತು, ಅದು ಬೆದರುಗುಣದ್ದು, ಬಂಡಿಗೆ ಆಗುವುದಿಲ್ಲ. ಅಲುಗದೆ ನಿಂತರೆ ಒಳ್ಳೆಯ ಎತ್ತು. ಆಮೇಲೆ ಕೊಳ್ಳುವವನ ಕೈ ಹಿಡಿದು, ಮೇಲೆ ವಲ್ಲಿ ಮುಚ್ಚಿ, ಮಂದಿಗೆ ಕಾಣದ ಹಾಗೆ ಬೆರಳು ಒತ್ತಿ ಬೆಲೆ ಕುದುರಿಸುವನು. ಇದು ಅವನ ಕಸುಬು. ಕಸುಬಿನಲ್ಲಿ ಅವನು ಜಾಣನೇ ಇದ್ದ. ಅದಕ್ಕೆ ನನ್ನ ತಕರಾರಿಲ್ಲ. ಆ ಕಸುಬನ್ನು ಸಂತೆಯಲ್ಲೇ ಬಿಟ್ಟು ಮನೆಗೆ ಬರಬೇಕೆಂಬ ಬುದ್ಧಿ ಮಾತ್ರ ದೇವರು ಅವನಿಗೆ ಕೊಡಲಿಲ್ಲ.

ಸಂಗವ್ವನನ್ನು ನೋಡಲು ಬಂದ ದಿನವೇ ನಾನು ತಿಳಿದುಕೊಳ್ಳಬೇಕಾಗಿತ್ತು. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವುದು ಎಲ್ಲ ಕಡೆಗೂ ಇದ್ದದ್ದೇ. ಈ ಪುಣ್ಯಾತ್ಮ ತಾನೇ ಎದ್ದು ಅವಳ ಸುತ್ತ ಒಂದು ಸುತ್ತು ಬಂದ. ನಮ್ಮ ಅಪ್ಪನಿಗೆ ಅದು ಭಾಳ ಮೆಚ್ಚುಗೆಯಾಯಿತು. ಅಳಿಯ ಎಂದರೆ ಹೀಗಿರಬೇಕು, ನೋಡಿ ತಿಳಿದು ತೆಗೆದುಕೊಳ್ಳುವವನು ಎಂದು ಊರ ತುಂಬ ಹೇಳಿಕೊಂಡು ತಿರುಗಿದ. ನಮ್ಮ ಅಪ್ಪನ ಬುದ್ಧಿಯೂ ಅಷ್ಟರಲ್ಲೇ ಇತ್ತು ಎನ್ನಿ.

ಮದುವೆಯಾಗಿ ಎಷ್ಟೋ ವರ್ಷ ಸಂಗವ್ವನಿಗೆ ಮಕ್ಕಳಾಗಲಿಲ್ಲ. ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊತ್ತು, ನಡೆದುಕೊಂಡು ಹೋಗಿ ಬಂದು, ಕಡೆಗೊಂದು ಹೆಣ್ಣು ಕೂಸು ಹುಟ್ಟಿತು. ದಾನವ್ವ ಎಂದೇ ಹೆಸರಿಟ್ಟರು. ಜತ್ತ ಸಂಸ್ಥಾನ ಮುಂಬೈ ಇಲಾಖೆಗೆ ಸೇರಿ ಎರಡು ಮೂರು ವರ್ಷವಾಗಿದ್ದ ಕಾಲ ಅದು. ಬಾಣಂತನ ಮುಗಿಯುವುದರೊಳಗೆ ಸಂಗವ್ವನಿಗೆ ಕೆಮ್ಮು ಹತ್ತಿತು. ಮಳೆಗಾಲವೆಲ್ಲ ಕೆಮ್ಮಿದಳು. ಒಲೆಯ ಹೊಗೆಯಿಂದ ಹಾಗಾಗುತ್ತದೆ ಎಂದು ಗಂಡ ಹೇಳಿ ಕೈ ತೊಳೆದುಕೊಂಡ. ಅದೇ ಮಳೆಗಾಲದಲ್ಲಿ ಅವನ ಒಂದು ಹೋರಿಗೆ ಹೊಟ್ಟೆಯುಬ್ಬರ ಬಂದಾಗ ಈ ಗಂಡಸು ಅನ್ನ ನೀರು ಬಿಟ್ಟು ಅದರ ಹೊಟ್ಟೆಗೆ ಬಿಸಿ ಶಾಖ ಕೊಡುತ್ತ ಕುಳಿತಿದ್ದ. ಅದನ್ನೂ ಜನ ಹೊಗಳುತ್ತಾರೆ. ಮೂಕ ಪ್ರಾಣಿಯ ಮೇಲೆ ಎಂಥ ಮರುಕ ನೋಡಿರೆನ್ನುತ್ತಾರೆ.

ಕಫದಲ್ಲಿ ರಕ್ತ ಕಂಡ ಮೇಲೆ ನನ್ನ ಗಂಡನೇ ಬಂಡಿ ಹೂಡಿ ಅವಳನ್ನು ಜತ್ತಕ್ಕೆ ಒಯ್ದು, ಅಲ್ಲಿಂದ ಮೋಟಾರಿನಲ್ಲಿ ಮಿರಜದ ದವಾಖಾನೆಗೆ ಕರೆದುಕೊಂಡು ಹೋದ. ಎದೆಗೆ ಕ್ಷಯ ಹತ್ತಿದೆ, ಇಲ್ಲೇ ಇರಬೇಕು, ಎಷ್ಟು ತಿಂಗಳೆಂದು ಹೇಳಲಾಗುವುದಿಲ್ಲ, ಕೂಸನ್ನು ಹತ್ತಿರ ತರಕೂಡದು ಎಂದು ಡಾಕ್ಟರರು ಹೇಳಿದರು. ಬೇಗ ತಿರುಗಿ ಬರುವುದಾಗದೆಂದು ಮೊದಲೇ ತಿಳಿದವಳ ಹಾಗೆ, ಊರು ಬಿಡುವಾಗ ಅವಳು ಬಂಡಿಯ ಗಾಲಿ ಹಿಡಿದುಕೊಂಡು ನಿಂತು ನನಗೆ ಹೇಳಿದ್ದು ಒಂದೇ ಮಾತು.

"ಅಕ್ಕಾ, ನನಗ ಇದೊಂದ ಐತಿ. ಯಾರ ಕೈಯಾಗ ಕೊಡ್ತೀರಿ ನೋಡಿ ಕೊಡ್ರಿ."

ನಾನೇ ಇಟ್ಟುಕೊಳ್ಳುತ್ತೇನೆ ಎಂದೆ. ನನ್ನ ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು, ನನ್ನವೇ ಮಕ್ಕಳು ಮೈತುಂಬ ಇದ್ದವು. ಆದರೂ ಎಂದೆ. ದುಂಡಪ್ಪ ಒಪ್ಪಲಿಲ್ಲ. ದುಂಡಪ್ಪನ ಮನೆಯ ಕೂಸು ಮಂದಿಯ ಮನೆಯ ತೊಟ್ಟಿಲಲ್ಲಿ ಮಲಗುತ್ತದೆ ಎಂದು ನಾಳೆ ಸಂತೆಯಲ್ಲಿ ನಾಲ್ಕು ಜನ ಆಡಿಕೊಳ್ಳಬಾರದಂತೆ. ಆಳು ಇಡುತ್ತಾನಂತೆ, ತಾನೇ ನೋಡಿ ಆರಿಸುತ್ತಾನಂತೆ. ಸಾವಿರ ಎತ್ತು ನೋಡಿದವನಿಗೆ ಒಂದು ಹೆಂಗಸನ್ನು ನೋಡುವುದು ಯಾವ ದೊಡ್ಡ ಮಾತು ಎಂದ. ಅವನ ಕೂಸು, ಅವನ ಮಾತು, ನಡುವೆ ಬಾಯಿ ಹಾಕಬೇಡ ಎಂದು ನನ್ನ ಗಂಡ ನನ್ನನ್ನೇ ಸುಮ್ಮನಾಗಿಸಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಂಡಸರೇ ಊರ ತುಂಬ ಇದ್ದಾಗ ನನ್ನ ಒಬ್ಬಳ ಮಾತು ಯಾರು ಕೇಳಬೇಕು? ಆಳು ಸಿಗುವ ತನಕ ಕೂಸು ನನ್ನ ಸೊಂಟದ ಮೇಲಿರಲಿ ಎನ್ನುವಷ್ಟಕ್ಕೆ ಮಾತ್ರ ಅವನು ಒಪ್ಪಿದ.

ಮೊದಲು ಬಂದವಳು ನಮ್ಮೂರ ಗೌರವ್ವ. ವಯಸ್ಸಾದ ವಿಧವೆ, ಊರಿನ ಅರ್ಧ ಮಕ್ಕಳು ಅವಳ ಕಾಲ ಮೇಲೆ ಎಣ್ಣೆ ನೀರು ಹಾಕಿಸಿಕೊಂಡೇ ಬೆಳೆದವು. ನಾನೇ ಹೇಳಿ ಕರೆಸಿದ್ದೆ. ದುಂಡಪ್ಪ ಕಟ್ಟೆಯ ಮೇಲೆ ಕುಳಿತು ಅವಳನ್ನು ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ನಡೆಸಿದ. ಆಮೇಲೆ ಬಾಯಿ ತೆರೆ ಎಂದ. ಪಾಪ, ಏನೋ ತಿನ್ನಲು ಕೊಡುತ್ತಾನೆಂದು ಅವಳು ತೆರೆದಳು. ಮುಂದಿನ ಹಲ್ಲು ಇರಲಿಲ್ಲ. ಹಲ್ಲು ಹೋದ ಮೇಲೆ ದಮ್ಮು ಇರುವುದಿಲ್ಲ, ಒಂದು ಸುಗ್ಗಿಯೂ ಬಾಳುವುದಿಲ್ಲ ಎಂದು ಅವಳ ಎದುರಿಗೇ ಹೇಳಿದ. ಗೌರವ್ವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಸೆರಗು ಸರಿಮಾಡಿಕೊಂಡು ನಿಂತು ಮೆಲ್ಲಗೆ ಹೇಳಿದಳು.

"ದುಂಡ್ಯಾ, ನೀ ಹುಟ್ಟಿದಾಗ ನಿನ್ನ ಬಾಯಾಗೂ ಒಂದ ಹಲ್ಲ ಇದ್ದಿಲ್ಲ. ಆದ್ರೂ ನಾ ನಿನ್ನ ಎತ್ತಿಕೊಂಡೀನಿ."

ಹೇಳಿ ಹೊರಟುಹೋದಳು. ಮನುಷ್ಯನಾಗಿದ್ದರೆ ಅಲ್ಲೇ ನೆಲಕ್ಕೆ ಇಳಿದುಹೋಗಬೇಕಾಗಿತ್ತು. ಇವನು ಮೀಸೆ ತಿರುವಿ, ಮುದಿ ಆಕಳು ಹಾಯುವುದು ಜಾಸ್ತಿ ಎಂದು ನಕ್ಕ.

ಎರಡನೆಯವಳು ಕಾಸೀಂಬಿ. ಎತ್ತಿನ ಗೊರಸಿಗೆ ಕಬ್ಬಿಣದ ನಾಲು ಬಡಿಯುವ ದಿಲಾವರನ ಹೆಂಡತಿ. ದುಂಡಪ್ಪನ ಎತ್ತುಗಳಿಗೆಲ್ಲ ದಿಲಾವರನೇ ನಾಲು ಕಟ್ಟುವವನಾದ್ದರಿಂದ ಅವರದು ಹಳೆಯ ಬಳಕೆ. ಕಾಸೀಂಬಿಗೆ ಮೊಲೆ ಕುಡಿಯುವ ಕೂಸೊಂದಿತ್ತು, ಮೈತುಂಬ ಹಾಲಿತ್ತು. ದಾನವ್ವನಿಗೂ ಕುಡಿಸುತ್ತೇನೆ, ಒಂದು ತೊಡೆಯ ಮೇಲೆ ನನ್ನದು, ಒಂದು ತೊಡೆಯ ಮೇಲೆ ನಿಮ್ಮದು ಎಂದು ತಾನಾಗಿ ಬಂದು ಕೇಳಿದಳು. ಮಿರಜಕ್ಕೆ ಹೋಗುವ ಮುಂಚೆ ಸಂಗವ್ವನೂ ಅವಳ ಹೆಸರು ಒಮ್ಮೆ ಎತ್ತಿದ್ದಳು. ಮುಸಲ್ಮಾನರ ಹೆಂಗಸಿನ ಹಾಲೆಂದು ದುಂಡಪ್ಪ ಬೇಡವೆಂದನೇನೋ ಎಂದು ನೀವು ತಿಳಿಯಬಹುದು. ಅಲ್ಲ. ಅಷ್ಟು ವಿಚಾರ ಮಾಡುವ ತಲೆಯೂ ಅವನಿಗಿರಲಿಲ್ಲ. ಅವನು ಮಾಡಿದ್ದು ಬೇರೆಯೇ.

ಕಾಸೀಂಬಿಯನ್ನು ಪಡಸಾಲೆಯಲ್ಲಿ ಕೂಡಿಸಿದ. ಕೂಸು ತೊಟ್ಟಿಲಲ್ಲಿ ಮಲಗಿತ್ತು. ನನ್ನ ಜೊತೆ ಅವಳು ಏನೋ ಮಾತಾಡುತ್ತಿದ್ದಳು. ಇವನು ಹಿಂದಿನಿಂದ ಸದ್ದಿಲ್ಲದೆ ಬಂದು ತಾಮ್ರದ ಕೊಡ ಎತ್ತಿ ಹಾಸುಗಲ್ಲಿನ ಮೇಲೆ ಧಡಾರೆಂದು ಒಗೆದ. ನನ್ನ ಎದೆಯೇ ಒಡೆದ ಹಾಗಾಯಿತು. ಕಾಸೀಂಬಿ "ಯಾ ಅಲ್ಲಾ" ಎಂದು ಎದ್ದವಳು ಒಂದೇ ಹಾರಿಕೆಗೆ ತೊಟ್ಟಿಲ ಹತ್ತಿರ ಹೋಗಿ, ನಮ್ಮ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಏನು ಬಿತ್ತು, ಮಾಳಿಗೆ ಕುಸಿಯಿತೇ ಎಂದು ಕೇಳಿದಳು. ಕೂಸಿನ ತಲೆಯ ಮೇಲಿನ ಕೈ ಮಾತ್ರ ತೆಗೆದಿರಲಿಲ್ಲ. ನನಗಾದರೋ ಆ ಕ್ಷಣಕ್ಕೇ ತೀರ್ಮಾನವಾಯಿತು, ಇವಳೇ ಸರಿ ಎಂದು.

ದುಂಡಪ್ಪ ತಲೆ ಅಲ್ಲಾಡಿಸಿದ. ಬೆದರುಗುಣ ಇದೆ, ಬೇಡ ಎಂದ. ನಾನು ಬಾಯಿ ಬಿಟ್ಟು ಜಗಳ ಮಾಡಿದೆ. ಬೆದರಿ ಓಡಿದ್ದು ಎಲ್ಲಿಗೆ, ನಿಮ್ಮ ಕೂಸಿನ ಹತ್ತಿರ ಅಲ್ಲವೇನು ಎಂದು ಕೇಳಿದೆ. ಅವನು ಸಣ್ಣ ಹುಡುಗಿಗೆ ಹೇಳುವ ಹಾಗೆ ನನಗೆ ಬುದ್ಧಿ ಹೇಳಿದ.

"ಅಕ್ಕಾರ, ಇದು ನಿಮಗ ತಿಳಿಯಂಗಿಲ್ಲ ಬಿಡ್ರಿ. ಸಪ್ಪಳಕ್ಕ ಬೆದರೋದು ಒಂದಿಲ್ಲೊಂದ ದಿನ ಬಂಡಿ ಕೆಡವತೈತಿ."

ಬಂಡಿಯಂತೆ. ತೊಟ್ಟಿಲಿಗೂ ಬಂಡಿಗೂ ಭೇದ ಕಾಣದ ಮನುಷ್ಯನ ಜೊತೆ ಇನ್ನೇನು ಮಾತು? ಕಾಸೀಂಬಿ ಕೂಸನ್ನು ನನ್ನ ಕೈಗೆ ಕೊಟ್ಟು, ಇಂಥ ಮನೆಯಲ್ಲಿ ಕೂಸು ಹೇಗೆ ಬಾಳೀತು ಎಂದು ಗೊಣಗಿಕೊಂಡು ಹೋದಳು.

ಮೂರನೆಯವಳನ್ನು ತಂದವನು ಮುರಗೆಪ್ಪ, ಇವನದೇ ಜಾತಿಯ ಇನ್ನೊಬ್ಬ ದಲಾಲಿ. ಕಸುಬಿನಲ್ಲೂ ಅದೇ, ತಲೆಯಲ್ಲೂ ಅದೇ. ದರಿಬಡಚಿಯ ಯಮನವ್ವ ಎಂಬ ಹೆಂಗಸು. ಗಂಡ ಸೊಲ್ಲಾಪುರದ ಗಿರಣಿಗೆಂದು ಹೋದವನು ತಿರುಗಿ ಬಂದಿರಲಿಲ್ಲ, ಅಣ್ಣಂದಿರ ಮನೆಯಲ್ಲಿ ಅತ್ತಿಗೆಯರ ಕೈಕೆಳಗೆ ಬಿದ್ದಿದ್ದಳು. ಗಟ್ಟಿ ಮೈಕಟ್ಟು, ಹಲ್ಲು ಬೆಳ್ಳಗೆ, ಮಾತು ಕಡಿಮೆ. ದುಂಡಪ್ಪನಿಗೆ ನೋಡಿದ ಕೂಡಲೇ ಮನಸ್ಸು ತುಂಬಿತು. ಅವಳನ್ನು ಪಡಸಾಲೆಯಲ್ಲಿ ಕೂಡಿಸಿ ಮುಂದೆ ಒಂದು ಮೊರ ಜೋಳ ಕೊಟ್ಟ. ಅವಳು ತಲೆ ಬಗ್ಗಿಸಿ ಹರಳು ಆರಿಸತೊಡಗಿದಳು. ಮತ್ತೆ ಅದೇ ಕೊಡ, ಅದೇ ಹಾಸುಗಲ್ಲು, ಧಡಾರ್.

ತೊಟ್ಟಿಲಲ್ಲಿದ್ದ ದಾನವ್ವ ಕಿಟಾರನೆ ಚೀರಿತು. ಅಂಗಳದ ಕೋಳಿಗಳು ಹಾರಿದವು. ಮುರಗೆಪ್ಪನೂ ಕುಳಿತಲ್ಲೇ ಒಂದು ಗೇಣು ಮೇಲೆದ್ದ. ಯಮನವ್ವ ಮಾತ್ರ ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿ, ಇನ್ನೊಂದಕ್ಕೆ ಕೈ ಹಾಕಿದಳು.

"ನೋಡಿದ್ರ್ಯಾ?" ಎಂದು ದುಂಡಪ್ಪ ನನ್ನ ಕಡೆ ತಿರುಗಿದ. "ಭೂಮಿ ನಡುಗಿದ್ರೂ ಅಲಗಂಗಿಲ್ಲ ಇದು."

ಯಮನವ್ವನಿಗೆ ಕಿವಿ ಕೇಳುತ್ತಿರಲಿಲ್ಲ. ಅಷ್ಟೇ. ಇದರಲ್ಲಿ ದೊಡ್ಡ ಒಗಟೇನೂ ಇಲ್ಲ. ಬಾಣಂತಿಯಾಗಿದ್ದಾಗ ಜ್ವರ ಬಂದು ಕೂಸೂ ಹೋಯಿತು, ಎರಡೂ ಕಿವಿಯೂ ಹೋದವು. ಇದು ನಮಗೆ ಆ ದಿನ ಗೊತ್ತಿರಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಂಡು ಸರಿಯಾಗಿಯೇ ಉತ್ತರ ಕೊಡುತ್ತಿದ್ದಳು. ಮುರಗೆಪ್ಪನಿಗೂ ಗೊತ್ತಿರಲಿಲ್ಲ, ಅವಳ ಅಣ್ಣಂದಿರು ಹೇಳಿರಲಿಲ್ಲ. ಹೊಟ್ಟೆಪಾಡಿಗೆ ಬಂದ ಹೆಂಗಸು ನನಗೆ ಇಂಥ ಊನ ಇದೆ ಎಂದು ತಾನಾಗಿ ಏಕೆ ಹೇಳಿಯಾಳು? ಬೇರೆ ಯಾವ ಊರಿನಲ್ಲಾದರೂ ಬೇರೆ ಯಾವ ಗಂಡಸಾದರೂ, ಕೊಡ ಬಿದ್ದರೂ ತಿರುಗದ ಹೆಂಗಸನ್ನು ಕಂಡು, ಏನವ್ವಾ ನಿನಗೆ ಕೇಳಿಸುತ್ತದೋ ಇಲ್ಲವೋ ಎಂದು ಒಂದು ಮಾತು ಕೇಳುತ್ತಿದ್ದ. ನಮ್ಮ ಪಾರಖಿ ಅವಳಿಗೆ ವರ್ಷಕ್ಕಿಷ್ಟು ಜೋಳ, ಎರಡು ಸೀರೆ ಎಂದು ಗೊತ್ತು ಮಾಡಿ ಅಲ್ಲೇ ಎಲೆ ಅಡಿಕೆ ಕೊಟ್ಟ. ಕೂಸು ಇನ್ನೂ ಚೀರುತ್ತಲೇ ಇತ್ತು, ಅದನ್ನು ಎತ್ತಿಕೊಂಡವಳು ನಾನು.

ಯಮನವ್ವ ಕೆಟ್ಟ ಹೆಂಗಸಲ್ಲ. ಅದನ್ನು ಹೇಳದಿದ್ದರೆ ನನ್ನ ನಾಲಿಗೆಗೆ ಹುಳ ಬಿದ್ದಾವು. ಕಳೆದುಕೊಂಡ ತನ್ನ ಕೂಸಿನ ಮೇಲಿನ ಮಾಯೆಯನ್ನೆಲ್ಲ ಇದರ ಮೇಲೆ ಹಾಕಿದಳು. ಎಣ್ಣೆ ಹಚ್ಚಿ ಎರೆಯುವಳು, ಸಾಂಬ್ರಾಣಿ ಹೊಗೆ ಹಾಕುವಳು, ಆಡಿನ ಹಾಲು ಕಾಯಿಸಿ ಕುಡಿಸುವಳು. ಕೂಸನ್ನು ನೆಲಕ್ಕೆ ಬಿಟ್ಟದ್ದೇ ಕಡಿಮೆ, ಸದಾ ಸೊಂಟದ ಮೇಲೆ ಇಲ್ಲವೆ ಮಡಿಲಲ್ಲಿ. ತೊಟ್ಟಿಲಲ್ಲಿ ಹಾಕಿದರೆ ತೂಗುವ ಹಗ್ಗದ ತುದಿಯನ್ನು ತನ್ನ ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ಪಕ್ಕದಲ್ಲೇ ಕೂಡುವಳು. ತೂಗಲು ಸುಲಭವೆಂದು ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೆ. ತೊಟ್ಟಿಲಲ್ಲಿ ಕೂಸು ಮಿಸುಕಿದರೆ ಹಗ್ಗ ಅಲುಗುತ್ತದೆ, ಹಗ್ಗ ಅಲುಗಿದರೆ ಅವಳಿಗೆ ಗೊತ್ತಾಗುತ್ತದೆ, ಅದಕ್ಕಾಗಿ ಕಟ್ಟಿಕೊಳ್ಳುತ್ತಿದ್ದಳು. ಕೂಸು ಮೈ ತುಂಬಿಕೊಂಡಿತು. ನನ್ನ ಗಂಡ ಮಿರಜಕ್ಕೆ ಹೋದಾಗ, ಚಲೋ ಐತಿ, ಚಿಂತಿ ಮಾಡಬ್ಯಾಡ ಎಂದು ಸಂಗವ್ವನಿಗೆ ಹೇಳಿಯೂ ಬಂದ.

ಅಷ್ಟಕ್ಕೆ ಬಿಟ್ಟಿದ್ದರೆ ಹೇಗೋ ದಿನ ಹೋಗುತ್ತಿದ್ದವು. ಆದರೆ ದುಂಡಪ್ಪನಿಗೆ ತನ್ನ ಆಯ್ಕೆಯನ್ನು ಮಂದಿಗೆ ತೋರಿಸುವ ಚಟ ಹತ್ತಿತು. ಮನೆಗೆ ಯಾರೇ ಬರಲಿ, ನೋಡ್ರಿ ಒಂದು ಮಜಾ ತೋರಿಸುತ್ತೇನೆ ಎಂದು ಯಮನವ್ವನ ಹಿಂದೆ ಹೋಗಿ ಕೊಡ ಒಗೆಯುವನು. ಅವಳು ಅಲುಗುತ್ತಿರಲಿಲ್ಲ. ಬಂದವರು ಭೇಷ್ ಎನ್ನುವರು. ಪ್ರತಿ ಸಲವೂ ಬೆದರಿ ಅಳುತ್ತಿದ್ದುದು ಕೂಸು. ಅದರ ಕಡೆ ಆ ಗಂಡಸರಲ್ಲಿ ಒಬ್ಬನೂ ನೋಡುತ್ತಿರಲಿಲ್ಲ. ಬರಬರುತ್ತ ತಂದೆ ಒಳಗೆ ಬಂದರೆ ಸಾಕು, ಅದು ಮುಖ ಸೊಟ್ಟ ಮಾಡಿ ಯಮನವ್ವನ ಸೆರಗಿನಲ್ಲಿ ಹೊಕ್ಕುಕೊಳ್ಳತೊಡಗಿತು. ಇದು ಸರಿಯಲ್ಲ ಎಂದು ನಾನು ಹೇಳಿದ್ದಕ್ಕೆ, ಸಣ್ಣವರಿದ್ದಾಗಲೇ ಸಪ್ಪಳ ರೂಢಿ ಮಾಡಬೇಕು, ಕರುವಿಗೂ ಹಾಗೇ ಮಾಡುತ್ತೇವೆ ಎಂದ. ಕೊಡ ನೆಗ್ಗಿ ನೆಗ್ಗಿ ನೀರು ತುಂಬಲು ಬಾರದಂತಾಯಿತು.

ಜೋಳದ ರಾಶಿಯಾಗಿ ಮಂದಿಯ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ದುಂಡಪ್ಪ ಒಂದು ಜೋಡಿ ಖಿಲಾರಿ ಎತ್ತು ತಂದು ಕಟ್ಟಿದ್ದ. ಅವನ್ನು ಕೊಳ್ಳಲು ಮಂಗಳವೇಡೆಯ ಕಡೆಯ ಅಣ್ಣಾರಾಯ ಎಂಬ ದೊಡ್ಡ ಒಕ್ಕಲಿಗ ತನ್ನ ಜನರನ್ನು ಕಟ್ಟಿಕೊಂಡು ಬಂದ. ಮುರಗೆಪ್ಪನೂ ನಡುವೆ ಬಂದು ಸೇರಿಕೊಂಡ. ಅವರಿಗೆಲ್ಲ ಊಟ ಹಾಕಬೇಕಲ್ಲ? ಹಿತ್ತಲಿಗೆ ಹೋಗಿ ರೊಟ್ಟಿ ಬಡಿ, ಬದನೆಕಾಯಿ ಪಲ್ಯ ಮಾಡು ಎಂದು ಯಮನವ್ವನಿಗೆ ದುಂಡಪ್ಪ ಹೇಳಿದ. ಅವಳು ತೊಟ್ಟಿಲ ಕಡೆ ಕೈ ತೋರಿಸಿದಳು. ದುಂಡಪ್ಪ, ನಾನು ಇಲ್ಲೇ ಕಟ್ಟೆಯ ಮೇಲೆ ಇದ್ದೇನೆ, ನೋಡುತ್ತೇನೆ, ನೀನು ಹೋಗು ಎಂದ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಕೇಳಿದವರು ಅಲ್ಲೇ ಕುಳಿತಿದ್ದರು. ಕಾಲ ಹೆಬ್ಬೆರಳಿನ ಹಗ್ಗ ಬಿಚ್ಚಿ ಅವಳು ಹಿತ್ತಲಿಗೆ ಹೋದಳು.

ಕೂಸು ಎದ್ದಿತು. ಪಕ್ಕದಲ್ಲಿ ಯಾರೂ ಇರಲಿಲ್ಲ, ಅತ್ತಿತು. ಕಟ್ಟೆಯಿಂದ ತೊಟ್ಟಿಲಿಗೆ ನಡುವೆ ಇದ್ದದ್ದು ಒಂದು ಹೊಸ್ತಿಲು. ದುಂಡಪ್ಪ ಎದ್ದು ಒಳಗೆ ಬಂದ, ಬರಲಿಲ್ಲ ಎನ್ನುವುದಿಲ್ಲ. ಬಂದು ಎತ್ತಿಕೊಂಡನೇ? ಸಂತೆಯಲ್ಲಿ ಎತ್ತು ರೊಳ್ಳೆ ತೆಗೆದು ಹಟ ಹಿಡಿದರೆ ಅದರ ಬಾಯಿಗೆ ಬೆಲ್ಲ ಹಾಕುವುದು ಅವನ ರೂಢಿ. ಒಂದು ಹೆಂಟೆ ಬೆಲ್ಲ ಮುರಿದು ಕೂಸಿನ ಕೈಯಲ್ಲಿ ಹಿಡಿಸಿ ತಿರುಗಿ ಹೋಗಿ ಅಣ್ಣಾರಾಯನ ಪಕ್ಕ ಕುಳಿತ. ವಲ್ಲಿ ಹಾಸಿ, ಅದರ ಕೆಳಗೆ ಕೈ ಹಿಡಿದು, ಬೆರಳು ಒತ್ತತೊಡಗಿದ. ಕೂಸು ಬೆಲ್ಲ ಚೀಪಿತು, ಮುಖಕ್ಕೆ ಮೈಗೆ ಬಳಿದುಕೊಂಡಿತು. ತೊಟ್ಟಿಲು ಕಟ್ಟಿದ್ದ ತೊಲೆಯಲ್ಲಿ ಕೆಂಪಿರುವೆಯ ಸಾಲು ಮೊದಲೇ ಇತ್ತು. ಹಗ್ಗ ಹಿಡಿದು ಇಳಿದವು.

ನಾನು ಮಜ್ಜಿಗೆಯ ಗಡಿಗೆ ಹಿಡಿದು ಓಣಿಯ ತಿರುವಿಗೆ ಬಂದಾಗಲೇ ಅಳು ಕೇಳಿಸಿತು. ಹಸಿವಿನ ಅಳು ಬೇರೆ, ನಿದ್ದೆಯ ಅಳು ಬೇರೆ. ಮಕ್ಕಳನ್ನು ಹೆತ್ತವಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಇದು ಗಂಟಲು ಹರಿದುಹೋಗಿ ಉಸಿರು ಕಟ್ಟಿ ಕಟ್ಟಿ ಬರುವ ಅಳು. ಓಡಿದೆ. ಕಟ್ಟೆಯ ಮೇಲೆ ಅಷ್ಟೂ ಜನ ಕುಳಿತಿದ್ದರು. ಅಣ್ಣಾರಾಯ ಮಾತ್ರ ಮುಖ ಗಂಟಿಕ್ಕಿಕೊಂಡು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದ. ದುಂಡಪ್ಪ ವಲ್ಲಿಯ ಕೆಳಗಿನಿಂದ ಕೈ ತೆಗೆಯದೆ ನನಗೆ ಹೇಳಿದ.

"ಬಂದ್ರ್ಯಾ ಅಕ್ಕಾರ, ಚಲೋ ಆತು. ಆಗಳಿಂದ ಒಂದ ಸವನ ಒದರಾಕತ್ತೈತಿ. ಏನ ಬೇಕಂತ ನೋಡ್ರಿ ತಟಗ."

ಒಳಗೆ ಹೋಗಿ ನೋಡಿದೆ. ಕೂಸಿನ ಬಾಯಿಯ ಸುತ್ತ, ಮೂಗಿನ ಹೊರಳೆ, ರೆಪ್ಪೆ, ಕುತ್ತಿಗೆಯ ಮಡಿಕೆ, ಬೆರಳಿನ ಸಂದು, ಎಲ್ಲ ಕಡೆ ಇರುವೆ. ಎರಡೂ ಕಣ್ಣು ಬಾತು ಮುಚ್ಚಿಹೋಗಿದ್ದವು. ಕೈಯಲ್ಲಿದ್ದ ಬೆಲ್ಲ ಕಪ್ಪಾಗಿ ಮಿಸುಕುತ್ತಿತ್ತು. ಮಜ್ಜಿಗೆಯ ಗಡಿಗೆಯನ್ನು ಅದರ ಮೈಮೇಲೇ ಸುರಿದು, ಅಂಗಿ ಹರಿದು ಬಿಸಾಕಿ, ಅಂಗೈಯಿಂದ ಒರೆಸಿ ಒರೆಸಿ ತೆಗೆದೆ. ಕೂಸು ಬದುಕಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಸಂಗವ್ವ ವಾಸಿಯಾಗಿ ಮಿರಜದಿಂದ ಬರುವ ತನಕ ಕಾಸೀಂಬಿಯ ತೊಡೆಯ ಮೇಲೆ ಬೆಳೆಯಿತು. ಆದರೆ ಆ ಹೊತ್ತಿನಲ್ಲಿ ಅದು ಅಳುವುದನ್ನೂ ಬಿಟ್ಟು ನನ್ನ ಕೈಯಲ್ಲಿ ಜೋತುಬಿದ್ದಾಗ, ಸಂಗವ್ವನಿಗೆ ಯಾವ ಮುಖ ತೋರಿಸಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಬೆತ್ತಲೆ ಕೂಸನ್ನು ಹಾಗೇ ಎತ್ತಿಕೊಂಡು ಕಟ್ಟೆಗೆ ಬಂದೆ. ಗಂಡಸರ ಮುಂದೆ ಸೆರಗು ಜಾರಿತ್ತೋ ಇತ್ತೋ ನನಗೆ ನೆನಪಿಲ್ಲ. ನೋಡ್ರಿ ಎಂದು ಎಲ್ಲರ ಮುಂದೆ ಹಿಡಿದೆ. ನಾನು ಓಡಿದ್ದನ್ನು ಹಿತ್ತಲ ಬಾಗಿಲಿನಿಂದ ಕಂಡು ಯಮನವ್ವ ಹಿಟ್ಟಿನ ಕೈಯಲ್ಲೇ ಬಂದಳು. ಕೂಸಿನ ಮುಖ ಕಂಡವಳೇ ನೆಲಕ್ಕೆ ಕುಸಿದು ಹಣೆ ಹಣೆ ಬಡಿದುಕೊಂಡಳು.

"ನನಗ ಕಿವಿ ಕೇಳಸಂಗಿಲ್ರೆವ್ವಾ," ಎಂದಳು. "ಹೇಳಿದ್ರ ಇಟಗೊಳ್ಳಂಗಿಲ್ಲಂತ ಹೇಳಲಿಲ್ಲ. ಕೂಸಿನ ಬಿಟ್ಟು ಎಂದೂ ಹೋಗಿದ್ದಿಲ್ಲ. ನಾ ಇಲ್ಲೇ ಅದೀನಿ, ಹೋಗು ಅಂದ್ರು ಇವ್ರು."

ಈಗ ದುಂಡಪ್ಪನ ಮುಖ ಕೆಂಪಾಯಿತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮಗಳ ಬಾತ ಕಣ್ಣು ನೋಡಿ ಕೆಂಪಾಗಲಿಲ್ಲ, ಕಿವಿ ಕೇಳುವುದಿಲ್ಲ ಎಂಬ ಮಾತಿಗೆ ಕೆಂಪಾಯಿತು. ಇಷ್ಟು ದಿನ ಊರಿಗೆಲ್ಲ ಕೊಡ ಒಗೆದು ತೋರಿಸಿದ್ದು ಏನನ್ನು ಎಂದು ಅವನಿಗೆ ಹೊಳೆಯಿತು. ಅಣ್ಣಾರಾಯನ ಜನರಲ್ಲಿ ಒಬ್ಬ ಮೂಗಿನಲ್ಲಿ ನಕ್ಕ. ದುಂಡಪ್ಪ ಮುರಗೆಪ್ಪನ ಕಡೆ ತಿರುಗಿ ಗುಡುಗಿದ.

"ಐಬು ಮುಚ್ಚಿ ನನಗ ಕಟ್ಟಿದೆಲ್ಲೋ, ಮುರಗ್ಯಾ!"

ತನಗೇನೂ ಗೊತ್ತಿಲ್ಲ ಎಂದು ಮುರಗೆಪ್ಪ ದೇವರ ಆಣೆ ಹಾಕಿದ. ನೀನೇ ಪರೀಕ್ಷೆ ಮಾಡಿ ತೆಗೆದುಕೊಂಡೆ, ಹಲ್ಲು ನೋಡಿದವನು ನೀನು, ಕೊಡ ಒಗೆದವನು ನೀನು ಎಂದ. ಕೂಸು ನನ್ನ ತೋಳಿನಲ್ಲಿ ಬಿಕ್ಕುತ್ತಿತ್ತು, ಈ ಇಬ್ಬರು ಗಂಡಸರು ಒಂದು ಹೆಂಗಸಿನ ಐಬು ಯಾರ ತಲೆಗೆ ಎಂದು ಪಂಚಾಯಿತಿ ಮಾಡುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ ದುಂಡಪ್ಪ ಕುಳಿತಲ್ಲಿಂದಲೇ ಕಾಲೆತ್ತಿ ಯಮನವ್ವನನ್ನು ಒದೆಯಲು ಹೋದ. ನಾನು ನಡುವೆ ನಿಂತೆ. ತಂಗಿಯ ಗಂಡನೆಂದು ಅಷ್ಟು ವರ್ಷ ಕೊಟ್ಟ ಮರ್ಯಾದೆ ಆ ಹೊತ್ತಿಗೆ ನನ್ನ ಬಾಯಲ್ಲಿ ಉಳಿಯಲಿಲ್ಲ.

"ಆಕಿಗೆ ಕೇಳಸಲಿಲ್ಲ, ಬರಲಿಲ್ಲ. ನಿನಗ ಎರಡೂ ಕಿವಿ ಅದಾವು. ಕೇಳ್ಕೋತ ಕುಂತಿದ್ದಿ."

ಆಗ ಎಲ್ಲರ ಕಣ್ಣು ಅವನ ಬಲಗೈ ಮೇಲೆ ಹೋಯಿತು. ಇಷ್ಟೆಲ್ಲ ಆಗುವಾಗಲೂ, ಗುಡುಗುವಾಗಲೂ, ಕಾಲೆತ್ತುವಾಗಲೂ, ಅವನ ಆ ಕೈ ವಲ್ಲಿಯ ಕೆಳಗೆ ಅಣ್ಣಾರಾಯನ ಬೆರಳು ಹಿಡಿದುಕೊಂಡೇ ಇತ್ತು. ಬಿಟ್ಟರೆ ಕುದುರಿದ ವ್ಯಾಪಾರ ತಪ್ಪೀತಲ್ಲ. ಅಣ್ಣಾರಾಯ ವಲ್ಲಿ ಸರಿಸಿ ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಕೆರ ಮೆಟ್ಟಿ, ತನ್ನ ಜನರಿಗೆ ನಡೀರಿ ಎಂದು ಕಟ್ಟೆಯಿಂದ ಇಳಿದ.

ನಾನೂ ಇಳಿದೆ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಸೀಂಬಿಯ ಮನೆಯ ಕಡೆ ನಡೆದೆ. ನನ್ನ ಹಿಂದೆ ಯಮನವ್ವ ಅಳುತ್ತ ಬರುತ್ತಿದ್ದಳು. ಓಣಿಯಲ್ಲಿ ನಾಲ್ಕು ಮಾರು ಹೋಗಿರಲಿಲ್ಲ, ಹಿಂದಿನಿಂದ ಓಡಿ ಬರುವ ಕೆರದ ಸಪ್ಪಳ ಕೇಳಿಸಿತು. ತಿರುಗಿ ನೋಡಿದೆ, ದುಂಡಪ್ಪ. ಪಟಕಾ ಬಿಚ್ಚಿಹೋಗಿತ್ತು, ಏದುಸಿರು ಬಿಡುತ್ತಿದ್ದ. ಎಷ್ಟಾದರೂ ಹಡೆದಪ್ಪ, ಈಗಲಾದರೂ ಕರುಳು ಚುರ್ ಎಂದಿರಬೇಕು ಎಂದು ನನ್ನ ಕೋಪ ಅರ್ಧ ಇಳಿಯಿತು. ನಿಂತೆ. ಸೆರಗು ಸರಿಸಿ, ತೆಗೆದುಕೋ ಎಂದು ಕೂಸಿನ ಮುಖ ಅವನ ಕಡೆ ಮಾಡಿದೆ.

ಅವನು ನಮ್ಮನ್ನು ದಾಟಿ ಓಡಿದ.

"ಅಣ್ಣಾರಾಯರ, ನಿಲ್ರಿ," ಎಂದು ಕೂಗುತ್ತಿದ್ದ. "ನಿಮ್ಮ ಮಾತ ಆಗ್ಲಿ, ನೀವು ಅಂದಷ್ಟಕ್ಕ ಕೊಡ್ತೀನಿ, ನಿಲ್ರಿ."